ಪದವಿಯ ಆಚೆಗಿನ ಕಾವ್ಯಸಂಶೋಧನೆ

೧

ಕಾವ್ಯವನ್ನು ಕುರಿತು ಮಹಾಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದ ತರುಣ ವಿದ್ವಾಂಸರು ಅನಂತರ ಏನು ಮಾಡಬೇಕು? ವಿಜ್ಞಾನದ ಕ್ಷೇತ್ರದಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದಿದೆ. ಪದವಿ ಪಡೆದವರು ಬೇರೊಂದು ಪ್ರಯೋಗಾಲಯವನ್ನು ಸೇರಿ, ಎರಡು ಮೂರು ವರ್ಷ ವೇತನದ ಆಧಾರದ ಮೇಲೆ ಸ್ವತಂತ್ರವಾದ ಸಂಶೋಧನೆಯನ್ನು ನಡೆಸುವುದು ಅಲ್ಲಿ ರೂಢಿಯಾಗಿದೆ. ಕನ್ನಡ ಕಾವ್ಯದ ಸಂಶೋಧಕರ ಮುಂದೆ ಇಂತಹ ಹಾದಿ ಇಲ್ಲವೆಂದಲ್ಲ; ಇದ್ದರೂ ಅದು ಇಕ್ಕಟ್ಟಾದುದು, ಕೆಲವೆಡೆ ಬೇರೆ ಶಾಸ್ತ್ರಗಳ ಹಿತ್ತಲಿನ ಮೂಲಕ ಹಾದುಹೋಗುವಂತಹುದು. ಉದ್ಯೋಗ ದೊರೆತವರು ಪಾಠಪ್ರವಚನಗಳಲ್ಲಿ ಮುಳುಗುತ್ತಾರೆ. ದೊರೆಯದವರು ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ಆದೇಶಪತ್ರವನ್ನು ನಿರೀಕ್ಷಿಸುತ್ತ ಕೂಡುತ್ತಾರೆ. ಮಹಾಪ್ರಬಂಧವು ಗ್ರಂಥಾಲಯದ ಕಪಾಟನ್ನು ಸೇರುತ್ತದೆ. ಅದು ಎತ್ತಿದ್ದ ಪ್ರಶ್ನೆಗಳು ಅಲ್ಲಿಯೇ ನಿಲ್ಲುತ್ತವೆ.

ಇದು ಕೇವಲ ಉದ್ಯೋಗದ ಸಮಸ್ಯೆಯೆಂದು ಬಗೆಯುವವರುಂಟು. ಆದರೆ ಕಾವ್ಯಾಧ್ಯಯನದ ಸ್ವರೂಪವನ್ನು ಬಲ್ಲವರಿಗೆ ಇದು ವಿದ್ಯೆಯ ಸಮಸ್ಯೆಯೂ ಹೌದೆಂಬುದು ಗೋಚರಿಸದಿರದು. ಪಿಎಚ್.ಡಿ. ಎಂಬುದು ಈ ಅಧ್ಯಯನದ ದೀಕ್ಷೆಯೇ ಹೊರತು ಸಿದ್ಧಿಯಲ್ಲ. ಸಾಮಗ್ರಿಯನ್ನು ಕೂಡಿಸುವುದು, ಪಾಠಾಂತರಗಳನ್ನು ನೋಡುವುದು, ಹಿಂದಿನವರ ಅಭಿಪ್ರಾಯಗಳನ್ನು ಒರೆಗೆ ಹಚ್ಚುವುದು, ಇವನ್ನು ಪದವಿಯ ಅವಧಿಯಲ್ಲಿ ಕಲಿಯಬಹುದು. ಒಬ್ಬ ಕವಿಯೊಡನೆ ಬಹುಕಾಲ ಬಾಳಿ, ಅವನನ್ನು ಬೇರೆ ಭಾಷೆಗಳ ಕವಿಗಳ ನಡುವೆ ನಿಲ್ಲಿಸಿ ನೋಡುವ ಪಾಕ ಅನಂತರ ಬರತಕ್ಕದ್ದು.

೨

ಈ ಮಾತಿಗೆ ಎರಡು ನಿದರ್ಶನಗಳನ್ನು ಪರಿಶೀಲಿಸಬಹುದು. ಮೊದಲನೆಯದು ಎ. ಕೆ. ರಾಮಾನುಜನ್ ಅವರದು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ, ಬೆಳಗಾವಿಯೇ ಮೊದಲಾದ ಕಡೆಗಳಲ್ಲಿ ಅಧ್ಯಾಪಕರಾಗಿದ್ದ ಅವರು ೧೯೫೦ರ ದಶಕದ ಕೊನೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಾಸಮಾಡಿದರು. ಅಲ್ಲಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ೧೯೬೩ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆ ಪದವಿಗಾಗಿ ಅವರು ಬರೆದದ್ದು ಕನ್ನಡ ವ್ಯಾಕರಣವನ್ನು ಕುರಿತ ಪ್ರಬಂಧ. ಇಂದು ಜಗತ್ತು ಅವರನ್ನು ನೆನೆಯುವುದು ಆ ಪ್ರಬಂಧಕ್ಕಾಗಿ ಅಲ್ಲ. ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕಿಕೊಂಡು ಷಿಕಾಗೋದ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಾಗ ಅವರ ಕೈಗೆ ಕುಱುಂತೊಗೈ ಸಂಕಲನ ಸಿಕ್ಕಿತು. ಅದರ ಅನುವಾದ ೧೯೬೭ರಲ್ಲಿ ಹೊರಬಂದಿತು. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಲೋಕದ ಓದುಗರ ಮುಂದಿರಿಸಿದ 'ಸ್ಪೀಕಿಂಗ್ ಆಫ್ ಶಿವ' ಪ್ರಕಟವಾದುದು ೧೯೭೩ರಲ್ಲಿ.

ಪದವಿಗೂ ಈ ಗ್ರಂಥಕ್ಕೂ ನಡುವೆ ಹತ್ತು ವರ್ಷಗಳು ಸಂದಿವೆ. ವ್ಯಾಕರಣದ ಶಿಸ್ತು ವ್ಯರ್ಥವಾಗಲಿಲ್ಲ. ವಚನದ ವಾಕ್ಯರಚನೆಯನ್ನು ಬಿಡಿಸಿ ನೋಡಿ ಇನ್ನೊಂದು ಭಾಷೆಯಲ್ಲಿ ಮತ್ತೆ ಕಟ್ಟುವ ಅವರ ಕೌಶಲದಲ್ಲಿ ಆ ಶಿಸ್ತು ಎದ್ದು ಕಾಣುತ್ತದೆ. ಆದರೆ ಅದು ಫಲವಾಗಿ ಪರಿಣಮಿಸಲು ಗ್ರಂಥಾಲಯ, ಸಹೋದ್ಯೋಗಿಗಳು, ಅವಸರಪಡಿಸದ ಕಾಲ ಇವು ಬೇಕಾದುವು. ಇವೆಲ್ಲ ಅವರಿಗೆ ಷಿಕಾಗೋದಲ್ಲಿ ದೊರೆತುವು. ಅವರ ಪ್ರತಿಭೆ ದೊಡ್ಡದು, ಸಂದೇಹವಿಲ್ಲ. ಆದರೆ ನೆಲಮಾಳಿಗೆಯ ಗ್ರಂಥಾಲಯವಿಲ್ಲದ ಊರಿನಲ್ಲಿ, ವಾರಕ್ಕೆ ಇಪ್ಪತ್ತು ತಾಸು ಪಾಠದ ಹೊರೆಯ ಕೆಳಗೆ, ಅದೇ ಪ್ರತಿಭೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳದಿರುವುದು ಸಾಧ್ಯವಿಲ್ಲ.

ಎರಡನೆಯ ನಿದರ್ಶನ ಡಿ. ಆರ್. ನಾಗರಾಜ್ ಅವರದು. ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಾಪಕರಾಗಿದ್ದ ಅವರು ೧೯೯೦ರ ದಶಕದಲ್ಲಿ ಸಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ದೆಹಲಿಯ ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರದಲ್ಲಿಯೂ ಫೆಲೋ ಆಗಿದ್ದರು. ಕನ್ನಡನಾಡಿನ ಹೊರಗೆ ದೊರೆತ ಈ ಸಹವಾಸದ ಗುರುತು ಅವರ ಕೊನೆಯ ಬರಹಗಳಲ್ಲಿ ಕಾಣುತ್ತದೆ. ೧೯೯೮ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. 'ಅಲ್ಲಮಪ್ರಭು ಮತ್ತು ಶೈವಪ್ರತಿಭೆ' ಅವರ ಮರಣಾನಂತರ ೧೯೯೯ರಲ್ಲಿ ಬೆಳಕು ಕಂಡಿತು. ಅಲ್ಲಮನನ್ನು ವೀರಶೈವ ಪರಂಪರೆಯೊಳಗೆ ಮಾತ್ರ ಓದುತ್ತಿದ್ದ ಕ್ರಮವನ್ನು ಬಿಟ್ಟು, ಭಾರತದ ವಿಶಾಲವಾದ ಶೈವ ಚಿಂತನೆಯ ಎದುರು ಅವನ ವಚನಗಳನ್ನು ಇರಿಸಿ ನೋಡಿದ ಗ್ರಂಥವಿದು. ಇಂತಹ ಕೃತಿ ಪದವಿಯ ನಿಯಮಗಳೊಳಗೆ ಹುಟ್ಟುವುದು ಕಷ್ಟ. ಪರೀಕ್ಷಕರ ಮೆಚ್ಚುಗೆಗಾಗಿ ಕಾಯಬೇಕಾದವರು ಇಷ್ಟು ದೂರದ ಪಯಣಕ್ಕೆ ಧೈರ್ಯಮಾಡಲಾರರು.

೩

ಹಾಗಾದರೆ ದೇಶದಲ್ಲಿ ಇರುವ ಏರ್ಪಾಡುಗಳೇನು? ಸಮಾಜ ವಿಜ್ಞಾನಗಳಿಗೆ ೧೯೬೯ರಲ್ಲಿ, ಇತಿಹಾಸಕ್ಕೆ ೧೯೭೨ರಲ್ಲಿ, ತತ್ತ್ವಶಾಸ್ತ್ರಕ್ಕೆ ೧೯೭೭ರಲ್ಲಿ ಒಂದೊಂದು ಭಾರತೀಯ ಸಂಶೋಧನ ಪರಿಷತ್ತು ಸ್ಥಾಪಿತವಾಯಿತು. ಸಂಶೋಧನ ವೇತನಗಳನ್ನು ಕೊಡುವುದು ಇವುಗಳ ಮುಖ್ಯ ಕಾರ್ಯಗಳಲ್ಲಿ ಒಂದು. ಸಾಹಿತ್ಯಕ್ಕೆ ಇಂತಹ ಪರಿಷತ್ತು ಇಲ್ಲ. ೧೯೫೪ರಲ್ಲಿ ಉದ್ಘಾಟನೆಗೊಂಡ ಸಾಹಿತ್ಯ ಅಕಾಡೆಮಿಯು ಪ್ರಶಸ್ತಿ, ಅನುವಾದ, ಪ್ರಕಟಣೆಗಳಲ್ಲಿ ಮಹತ್ತ್ವದ ಕೆಲಸ ಮಾಡಿದೆ. ಆದರೆ ಅದರ ಫೆಲೋಶಿಪ್ ಎಂಬುದು ಏಕಕಾಲಕ್ಕೆ ಇಪ್ಪತ್ತೊಂದು ಮಂದಿಗೆ ಮೀರದಂತೆ ಹಿರಿಯ ಸಾಹಿತಿಗಳಿಗೆ ಸಲ್ಲುವ ಪರಮಗೌರವ. ಒಂದೇ ಪದವು ಇತರ ಶಾಸ್ತ್ರಗಳಲ್ಲಿ ತರುಣರ ಬುತ್ತಿಯನ್ನೂ ಸಾಹಿತ್ಯದಲ್ಲಿ ಹಿರಿಯರ ಹಾರವನ್ನೂ ಸೂಚಿಸುತ್ತಿರುವುದು ಅರ್ಥಗರ್ಭಿತವಾಗಿದೆ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು ರಾಧಾಕೃಷ್ಣನ್ ಅವರ ಹೆಸರಿನಲ್ಲಿ ನಡೆಸಿಕೊಂಡು ಬಂದ ಫೆಲೋಶಿಪ್ ಮೊದಲು ಮಾನವಿಕ ಶಾಸ್ತ್ರಗಳಿಗೂ ಸಮಾಜ ವಿಜ್ಞಾನಗಳಿಗೂ ಭಾಷೆಗಳಿಗೂ ಮೀಸಲಾಗಿತ್ತು. ೨೦೨೨ರಲ್ಲಿ ಅದನ್ನು ಹೊಸದಾಗಿ ರೂಪಿಸಿದಾಗ ಮೂಲವಿಜ್ಞಾನ, ತಂತ್ರಜ್ಞಾನಗಳೂ ಅದರೊಳಗೆ ಸೇರಿದುವು. ಆಗ ಘೋಷಿತವಾದ ೯೦೦ ಸ್ಥಾನಗಳು ಎಲ್ಲ ಶಾಸ್ತ್ರಗಳಿಗೂ ಕೂಡಿ ಇದ್ದುವು. ವೇತನ ತಿಂಗಳಿಗೆ ೫೦,೦೦೦ ರೂಪಾಯಿ. ಮೊತ್ತ ಅಲ್ಪವಲ್ಲ. ಆದರೆ ಕಾವ್ಯದ ಸಂಶೋಧಕರು ಇನ್ನು ಮುಂದೆ ರಸಾಯನಶಾಸ್ತ್ರದವರ ಪಕ್ಕದಲ್ಲಿಯೇ ಸಾಲು ನಿಲ್ಲಬೇಕಾಯಿತು. ತತ್ತ್ವಜ್ಞಾನಿಯ ಹೆಸರು ಉಳಿಯಿತು, ತತ್ತ್ವಜ್ಞಾನದ ಪಾಲಿಗಿದ್ದ ವಿಶೇಷ ಆಸರೆ ಹೋಯಿತು.

ಸಿಮ್ಲಾದ ಸಂಸ್ಥೆ ಈ ಚಿತ್ರದಲ್ಲಿ ಮುಖ್ಯವಾದ ಅಪವಾದ. ೧೯೬೫ರಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರಿಂದ ಉದ್ಘಾಟನೆಗೊಂಡ ಅದು ಹಿಂದಿನ ವೈಸರಾಯರ ನಿವಾಸವನ್ನೇ ವಿದ್ವಾಂಸರ ವಸತಿಯನ್ನಾಗಿ ಮಾಡಿತು. ಪದವಿಯ ಹಂಗಿಲ್ಲದೆ ಗ್ರಂಥರಚನೆಗೆ ಬಿಡುವು ಕೊಡುವ ಈ ಬಗೆಯ ವ್ಯವಸ್ಥೆಗೆ ಹೊರಗೆ ಹಳೆಯ ಮಾದರಿಗಳಿವೆ. ಹಾರ್ವರ್ಡಿನ ಫೆಲೋಗಳ ಸಂಘ ೧೯೩೩ರಿಂದಲೂ ತರುಣರಿಗೆ ಮೂರು ವರ್ಷಗಳ ಬಿಡುವನ್ನು ಕೊಡುತ್ತ ಬಂದಿದೆ. ಆದರೆ ದೇಶದ ಎಲ್ಲ ಭಾಷೆಗಳ, ಎಲ್ಲ ಮಾನವಿಕ ಶಾಸ್ತ್ರಗಳ ಹಸಿವನ್ನು ಒಂದು ಬೆಟ್ಟದ ಮೇಲಿನ ಒಂದು ಮನೆ ತಣಿಸಲಾರದು. ಕರ್ನಾಟಕದೊಳಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಗೆ ಸಂಶೋಧನ ಪ್ರಬಂಧಗಳನ್ನು ಸ್ವೀಕರಿಸುತ್ತ ಬಂದಿದೆ. ಅದು ಗೌರವದ ಹಾದಿ. ಪದವಿಯೊಂದು ಬರೆಯುವವರ ಮನೆಯ ಒಲೆಯನ್ನು ಉರಿಸದು.

ಇನ್ನೊಂದು ತೊಡಕು ಅರ್ಜಿಯ ಭಾಷೆಯದು. ಸಮಾಜ ವಿಜ್ಞಾನದ ಅಚ್ಚಿನಲ್ಲಿ ಎರಕ ಹೊಯ್ದ ನಮೂನೆಗಳು ಪ್ರಾಕ್ಕಲ್ಪನೆಯನ್ನೂ ದತ್ತಾಂಶವನ್ನೂ ನಿರೀಕ್ಷಿತ ಫಲಿತಾಂಶವನ್ನೂ ಕೇಳುತ್ತವೆ. ಪಂಪನ ಛಂದಸ್ಸಿನ ಮೇಲೆ ಕೆಲಸ ಮಾಡಬಯಸುವವರು ಅವನ ಕಾವ್ಯವನ್ನು ಹತ್ತನೆಯ ಶತಮಾನದ ರಾಜಕೀಯದ ದಾಖಲೆಯನ್ನಾಗಿ ಮಾರ್ಪಡಿಸಿ ತೋರಿಸಬೇಕಾಗುತ್ತದೆ. ಕಾವ್ಯದಿಂದ ಇತಿಹಾಸವನ್ನು ಅರಿಯುವುದು ತಪ್ಪಲ್ಲ. ಕಾವ್ಯವನ್ನು ಕಾವ್ಯವಾಗಿ ಅರಿಯುವ ಕೆಲಸಕ್ಕೆ ಹೆಸರೇ ಇಲ್ಲದಂತಾಗುವುದು ತಪ್ಪು.

೪

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಹಿಂದಿನ ವಿದ್ವಾಂಸರಿಗೆ ಯಾರು ವೇತನ ಕೊಟ್ಟರು? ಆರ್. ನರಸಿಂಹಾಚಾರ್ಯರು ಪ್ರಾಚ್ಯವಸ್ತು ಇಲಾಖೆಯ ಕೆಲಸದೊಡನೆಯೇ 'ಕರ್ಣಾಟಕ ಕವಿಚರಿತೆ'ಯನ್ನು ಬೆಳೆಸಿದರು. ಅದರ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಬಂದುವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಕೈಯ ಹಣವನ್ನೇ ಸುರಿದು ವಚನಗಳನ್ನು ಅಚ್ಚುಹಾಕಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ೧೯೨೩ರದು. ರಂ. ಶ್ರೀ. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ೧೯೫೩ರ 'ಕನ್ನಡ ಸಾಹಿತ್ಯ ಚರಿತ್ರೆ'ಯನ್ನು ರಚಿಸಿದರು.

ಈ ಮಾತುಗಳೆಲ್ಲ ನಿಜ. ಆದರೆ ಇವು ತ್ಯಾಗದ ಕಥೆಗಳು. ತ್ಯಾಗವನ್ನು ವ್ಯವಸ್ಥೆಯೆಂದು ಎಣಿಸಬಾರದು. ನರಸಿಂಹಾಚಾರ್ಯರಿಗೂ ಮುಗಳಿಯವರಿಗೂ ಸ್ಥಿರವಾದ ಹುದ್ದೆ ಇತ್ತು. ಹಳಕಟ್ಟಿಯವರಿಗೆ ವಕೀಲಿಯ ವೃತ್ತಿ ಇತ್ತು. ಇಂದು ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರು, ಹೆಣ್ಣುಮಕ್ಕಳು, ದಲಿತ ಕುಟುಂಬಗಳಿಂದ ಬಂದವರು ಕನ್ನಡದಲ್ಲಿ ಡಾಕ್ಟರ್ ಪದವಿಯನ್ನು ಪಡೆಯುತ್ತಿದ್ದಾರೆ. ಅವರೆದುರು ತ್ಯಾಗದ ಆದರ್ಶವನ್ನು ಹಿಡಿಯುವುದೆಂದರೆ, ಕಾವ್ಯಸಂಶೋಧನೆಯನ್ನು ಉಳ್ಳವರ ವ್ಯಸನವನ್ನಾಗಿ ಉಳಿಸುವುದೆಂದೇ ಅರ್ಥ. ಅವರು ಕಾವ್ಯವನ್ನು ಓದುವ ಬಗೆ ಬೇರೆಯಾಗಿರಬಹುದು. ಆ ಬೇರೆ ಓದು ಕಳೆದುಹೋಗುವುದೇ ಇಲ್ಲಿ ನಿಜವಾದ ನಷ್ಟ.

ಅಷ್ಟೇ ನಿಷ್ಠುರವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. 'ಒಂದು ಅಧ್ಯಯನ' ಎಂಬ ಬಾಲವನ್ನು ಹೊತ್ತ ಪ್ರಬಂಧಗಳಲ್ಲಿ ಎಷ್ಟೋ ಕವಿಯ ಜೀವನ, ಕೃತಿಗಳ ಪರಿಚಯ, ಕಥಾಸಾರ, ಉಪಸಂಹಾರ ಎಂಬ ಚೌಕಟ್ಟನ್ನು ದಾಟಿಲ್ಲ. ಪದವಿಯು ಹುದ್ದೆಯ ಬೀಗದ ಕೈಯಾದುದೇ ಇದಕ್ಕೆ ದೊಡ್ಡ ಕಾರಣ. ವಿಶ್ವವಿದ್ಯಾನಿಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದನ್ನು ಕಡ್ಡಾಯಗೊಳಿಸಲು ೨೦೧೮ರ ನಿಯಮಾವಳಿ ಹೊರಟಿತ್ತು. ೨೦೨೩ರ ತಿದ್ದುಪಡಿ ಆ ಕಡ್ಡಾಯವನ್ನು ತೆಗೆಯಿತು. ಇಂತಹ ಪ್ರಬಂಧಗಳನ್ನೇ ಹಿಗ್ಗಿಸಲು ಮತ್ತೆ ಮೂರು ವರ್ಷ ವೇತನ ಕೊಡುವುದರಿಂದ ಪ್ರಯೋಜನವಿಲ್ಲ. ಪದವಿಯ ಅನಂತರದ ನೆರವು ಮೊದಲಿನ ಪ್ರಬಂಧದಿಂದ ಹೊರಗೆ ಕಾಲಿಡುವ ಕೆಲಸಕ್ಕೇ ಸಲ್ಲಬೇಕು: ಹೊಸದೊಂದು ಭಾಷೆಯನ್ನು ಕಲಿಯಲು, ಹಸ್ತಪ್ರತಿಗಳಿಂದ ಪಾಠವನ್ನು ಮತ್ತೆ ಕಟ್ಟಲು, ನೆರೆಯ ಸಾಹಿತ್ಯದೊಡನೆ ಹೋಲಿಸಲು.

೫

ಈ ಕೆಲಸದಲ್ಲಿ ಹೊರನಾಡಿನ ಕನ್ನಡಿಗರಿಗೆ ಒಂದು ವಿಶಿಷ್ಟವಾದ ಅನುಕೂಲವಿದೆ. ೧೮೯೪ರ ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ೧೯೬೮ರಿಂದ ೧೯೭೧ರವರೆಗೆ ಹೊರತಂದುದು ಮದರಾಸು ವಿಶ್ವವಿದ್ಯಾನಿಲಯ, ಪರಿಷ್ಕರಿಸಿದವರು ಎಂ. ಮರಿಯಪ್ಪ ಭಟ್ಟರು. ಅದೇ ನಗರದ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಮೆಕೆಂಜಿಯ ಸಂಗ್ರಹದ ಕನ್ನಡ ಸಾಮಗ್ರಿ ಇದೆ. ಹೈದರಾಬಾದಿನಲ್ಲಿ ನೆಲಸಿದವರಿಗೆ ದಖನಿ ಭಾಷೆ ಕಿವಿಗೆ ಬಿದ್ದೇ ಇರುತ್ತದೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ 'ಕಿತಾಬ್-ಎ-ನವರಸ್' ಗೀತೆಗಳನ್ನು ಅದೇ ಕಾಲದ ಕನ್ನಡ ಕೀರ್ತನೆಗಳ ಪಕ್ಕದಲ್ಲಿರಿಸಿ ಓದಲು ಅವರಿಗಿಂತ ಅರ್ಹರು ವಿರಳ. ಪುಣೆ, ಮುಂಬಯಿಗಳಲ್ಲಿ ಮರಾಠಿಯನ್ನು ಮನೆಯ ಹೊರಗಿನ ಮಾತಾಗಿ ಬಳಸುವ ಕನ್ನಡಿಗರಿಗೆ ಪಂಢರಪುರದ ಹಾದಿ ತೆರೆದಿದೆ. ಪುಣೆಯ ರಾ. ಚಿಂ. ಢೇರೆಯವರು ೧೯೮೪ರ 'ಶ್ರೀ ವಿಠ್ಠಲ: ಏಕ್ ಮಹಾಸಮನ್ವಯ' ಗ್ರಂಥದಲ್ಲಿ ವಿಠ್ಠಲನ ಕರ್ನಾಟಕ ಸಂಬಂಧವನ್ನು ಮರಾಠಿ ಕಡೆಯಿಂದ ಶೋಧಿಸಿದರು. ಹರಿದಾಸರ ಪದಗಳನ್ನೂ ವಾರಕರಿಗಳ ಅಭಂಗಗಳನ್ನೂ ಲಯ, ಅಂಕಿತ, ಸಂಬೋಧನೆಗಳ ದೃಷ್ಟಿಯಿಂದ ಒಟ್ಟಿಗೆ ಪರಿಶೀಲಿಸುವ ಕಾರ್ಯಕ್ಕೆ ಕನ್ನಡದ ಕಡೆಯಿಂದಲೂ ಅಷ್ಟೇ ದೀರ್ಘವಾದ ಪರಿಶ್ರಮ ಸಲ್ಲಬೇಕಾಗಿದೆ.

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ೨೦೧೫ರಲ್ಲಿ ಕರ್ನಾಟಕ ಸರ್ಕಾರದ ಅನುದಾನದಿಂದ ಕನ್ನಡ ಪೀಠ ಆರಂಭವಾಯಿತು. ಪೀಠವೊಂದು ಬೀಜ, ಅದರ ಸುತ್ತ ವೇತನ ಪಡೆಯುವ ನಾಲ್ಕಾರು ತರುಣ ಸಂಶೋಧಕರು ಇರದಿದ್ದರೆ ಅದು ಪೀಠಾಧಿಪತಿಯ ವೈಯಕ್ತಿಕ ಉತ್ಸಾಹವನ್ನೇ ನೆಚ್ಚಿ ನಿಲ್ಲಬೇಕಾಗುತ್ತದೆ. ಸಾಹಿತ್ಯಕ್ಕೆ ಪ್ರತ್ಯೇಕ ಸಂಶೋಧನ ಪರಿಷತ್ತು ಬೇಕೆಂದು ಸರ್ಕಾರವನ್ನು ಕೇಳುವುದು ನ್ಯಾಯ. ಅದು ಆಗುವವರೆಗೆ ನಗರಗಳ ಕನ್ನಡ ಸಂಘಗಳು ಸುಮ್ಮನಿರಬೇಕಾಗಿಲ್ಲ. ವರ್ಷಕ್ಕೆ ಒಬ್ಬ ಸಂಶೋಧಕ ಅಥವಾ ಸಂಶೋಧಕಿ, ಒಂದು ಗ್ರಂಥ, ಎರಡು ಭಾಷೆಗಳನ್ನು ಬಲ್ಲ ಒಬ್ಬ ಹಿರಿಯರ ಮಾರ್ಗದರ್ಶನ, ಕೊನೆಯಲ್ಲಿ ಸಂಘದ ಪತ್ರಿಕೆಯಲ್ಲಿ ಪ್ರಕಟಣೆ: ಇಷ್ಟನ್ನು ಒಂದು ಸಂಘ ವಹಿಸಿಕೊಳ್ಳಬಹುದು. ಆಯೋಗವು ೨೦೨೨ರಲ್ಲಿ ಗೊತ್ತುಮಾಡಿದ ದರದಲ್ಲಿಯೇ ಲೆಕ್ಕಹಾಕಿದರೂ ವರ್ಷದ ವೇತನ ಆರು ಲಕ್ಷ ರೂಪಾಯಿ. ಇದನ್ನು ಒಂದು ಉತ್ಸವದ ಖರ್ಚಿನೊಡನೆ ಹೋಲಿಸಿ ನೋಡುವುದು ಆಯಾ ಸಂಘದ ಲೆಕ್ಕಪತ್ರಕ್ಕೆ ಬಿಟ್ಟ ವಿಷಯ.

ಪುಣೆಯ ಒಂದು ವಿದ್ಯಾಸಂಸ್ಥೆ ಕನ್ನಡ ಬಲ್ಲ ಇಂಗ್ಲಿಷ್ ಅಧ್ಯಾಪಕರೊಬ್ಬರಿಗೆ ಕೆಲಕಾಲ ಭಾಷಾವಿಜ್ಞಾನ ಕಲಿಯಲು ಅವಕಾಶ ಕೊಟ್ಟಾಗ, ಅದು ವಚನಸಾಹಿತ್ಯಕ್ಕೆ ಮಾಡುತ್ತಿರುವ ಉಪಕಾರವನ್ನು ಯಾರೂ ಊಹಿಸಿರಲಾರರು. ಕಾವ್ಯಸಂಶೋಧನೆಗೆ ಕೊಡುವ ನೆರವಿನ ಸ್ವಭಾವವೇ ಅಂತಹುದು. ಫಲ ಇಂತಹ ವರ್ಷ ಬರುವುದೆಂದು ಹೇಳಲಾಗದು. ಬಿಡುವು ಸಿಗದ ಕಡೆ ಅದು ಬಾರದೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬಹುದು.