ಓ. ಎಸ್. ನಾಕ್: ಹೊಗಳಿಕೆಗಿಂತ ಅಳತೆ ಮುಖ್ಯ

ರೈಲ್ವೆಗಳನ್ನು ಕುರಿತು ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದ ಬ್ರಿಟನ್ನಿನ ಓ. ಎಸ್. ನಾಕ್ (1905–1994) ವೃತ್ತಿಯಿಂದ ರೈಲ್ವೆ ಸಿಗ್ನಲ್ ಎಂಜಿನಿಯರ್. ಅವಸರ ಮತ್ತು ಪುನರುಕ್ತಿ ಅವರ ಬರವಣಿಗೆಯ ಎದ್ದು ಕಾಣುವ ದೋಷಗಳು. ಆದರೂ ಮೈಲಿಗಲ್ಲುಗಳ ನಡುವಿನ ಕಾಲವನ್ನು ಸ್ಟಾಪ್‌ವಾಚ್‌ನಿಂದ ಅಳೆದು ಅವರು ಕೊಟ್ಟ ಕೋಷ್ಟಕಗಳಿಗೆ ಬೆಲೆಯಿದೆ. 1968ರಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ದೈನಂದಿನ ಸೇವೆ ನಿಂತಿತು; ಆ ಓಟಗಳನ್ನು ಮತ್ತೆ ಅಳೆಯಲಾಗದು.

ಆದರೆ ಕೋಷ್ಟಕವನ್ನು ಎಚ್ಚರದಿಂದ ಓದಬೇಕು. ಎಂಜಿನ್ ಸೇರಿ 400 ಟನ್ ತೂಗುವ ರೈಲು 200ಕ್ಕೆ 1ರ ಏರಿನಲ್ಲಿ 2 ಕಿ.ಮೀ. ಸಾಗಿತೆನ್ನಿ. 10 ಮೀಟರ್ ಮೇಲೇರಲು ಬೇಕಾದ ಶಕ್ತಿ ಸುಮಾರು 39 ಮೆಗಾಜೂಲ್. ಅಷ್ಟರಲ್ಲಿ ವೇಗ ಸೆಕೆಂಡಿಗೆ 22 ಮೀಟರಿನಿಂದ 20ಕ್ಕೆ ಇಳಿದಿದ್ದರೆ, ಕಳೆದುಕೊಂಡ ಚಲನಶಕ್ತಿಯೇ ಸುಮಾರು 17 ಮೆಗಾಜೂಲ್. ಸರಾಸರಿ ವೇಗವನ್ನಷ್ಟೇ ನೋಡುವವರು ಇದನ್ನೂ ಬಾಯ್ಲರಿನ ಖಾತೆಗೆ ಸೇರಿಸುತ್ತಾರೆ. ಘರ್ಷಣೆ ಮತ್ತು ಗಾಳಿಯ ರೋಧಗಳ ಲೆಕ್ಕ ಬೇರೆಯೇ ಇದೆ.

ನಾಕ್ ಮೆಚ್ಚಿದ ಎಂಜಿನ್‌ಗಳೆಲ್ಲ ಅಷ್ಟು ಸಮರ್ಥವಾಗಿದ್ದವೇ ಎಂಬ ಪ್ರಶ್ನೆಗೆ ಅವರ ವಿಶೇಷಣಗಳಲ್ಲಿ ಉತ್ತರವಿಲ್ಲ. ಹೊರೆ ಮತ್ತು ಕಾಲದ ಅಂಕಿಗಳಿಂದ ವಿದ್ಯಾರ್ಥಿಗಳೇ ಅದನ್ನು ಲೆಕ್ಕಹಾಕಿ ನೋಡಬಹುದು. ತನ್ನ ತೀರ್ಮಾನವನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿಯನ್ನು ಓದುಗನ ಕೈಗೇ ಕೊಡುವುದು ಜನಪ್ರಿಯ ಲೇಖಕರಲ್ಲಿ ಅಪರೂಪದ ಗುಣ.