ಟಾಮ್ ಸತ್ತ, ಬ್ಲೇಕ್ ಏನಾದ?

ಗುಲಾಮರ ಬಗ್ಗೆ ಕಾದಂಬರಿ ಅಂದಕೂಡಲೇ ಮೇಷ್ಟ್ರುಗಳೆಲ್ಲ ಹೇಳೋದು ಒಂದೇ ಹೆಸರು: ‘ಅಂಕಲ್ ಟಾಮ್ಸ್ ಕ್ಯಾಬಿನ್’. ಬರೆದವಳು ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಬಿಳಿಯ ಹೆಂಗಸು. 1852ರಲ್ಲಿ ಪುಸ್ತಕವಾಗಿ ಬಂದು ಮೊದಲ ವರ್ಷವೇ ಅಮೆರಿಕಾದಲ್ಲಿ ಸುಮಾರು 3 ಲಕ್ಷ ಪ್ರತಿ ಖರ್ಚಾಯಿತು. ಓಡಿಹೋದ ಗುಲಾಮರನ್ನು ಹಿಡಿದು ಧಣಿಗೆ ಒಪ್ಪಿಸಬೇಕೆಂಬ 1850ರ ಕಾಯಿದೆ ಕಂಡು ರೊಚ್ಚಿಗೆದ್ದು ಬರೆದದ್ದು. ಆಕೆಯ ಪ್ರಾಮಾಣಿಕತೆಯ ಬಗ್ಗೆ ನನ್ನ ತಕರಾರಿಲ್ಲ.

ಟಾಮ್‌ನನ್ನು ಬರೀ ಧಣಿಯ ಬಾಲಬಡುಕ ಅನ್ನೋದೂ ತಪ್ಪು. ಲೂಸಿಯಾನಾದ ಹತ್ತಿ ತೋಟದ ಅಧ್ಯಾಯಗಳನ್ನು ಓದಿ. ಸಂಜೆಯಾದರೆ ಬಿಡಿಸಿದ ಹತ್ತಿಯ ತೂಕ. ಕಮ್ಮಿ ಬಿದ್ದರೆ ಚಾವಟಿ. ಕೈಲಾಗದ ಹೆಂಗಸೊಬ್ಬಳಿಗೆ ಟಾಮ್ ತನ್ನ ಪಾಲಿನ ಹತ್ತಿ ಕೊಡ್ತಾನೆ. ಅವಳಿಗೇ ಹೊಡಿ ಅಂತ ಧಣಿ ಲೆಗ್ರಿ ಚಾವಟಿ ಕೊಟ್ಟರೆ ಆಗಲ್ಲ ಅಂತಾನೆ. ತಪ್ಪಿಸಿಕೊಂಡ ಇಬ್ಬರು ಹೆಂಗಸರ ಗುಟ್ಟು ಬಿಡದೆ ಏಟು ತಿಂದೇ ಸಾಯ್ತಾನೆ. ಹೊಡೆಯೋರು ಯಾರು? ಸ್ಯಾಂಬೋ, ಕ್ವಿಂಬೋ. ಅವರೂ ಗುಲಾಮರೇ. ತೋಟ ನಡೆಯೋದೇ ಹೀಗೆ, ಗುಲಾಮನ ಕೈಗೇ ಚಾವಟಿ ಕೊಟ್ಟು. ಇದನ್ನು ಸ್ಟೋವ್ ಸರಿಯಾಗಿ ಕಂಡಿದ್ದಾಳೆ.

ಆದರೆ ಸಾಯುವ ಟಾಮ್ ಹೊಡೆದವರನ್ನೆಲ್ಲ ಕ್ಷಮಿಸಿಬಿಡ್ತಾನೆ. ಓದುಗ ಕಣ್ಣೊರೆಸಿಕೊಂಡು ಪುಸ್ತಕ ಮುಚ್ತಾನೆ. ಸತ್ತ ಮೇಲೆ ಮನುಷ್ಯನೆಂದು ಒಪ್ಪಿಕೊಳ್ಳುವ ಈ ಕರುಣೆ ಯಾರಿಗೆ ಬೇಕು?

ಮಾರ್ಟಿನ್ ಡಿಲೇನಿ ಅಂತ ಒಬ್ಬ ಕಪ್ಪು ಲೇಖಕ. ಅಪ್ಪ ಗುಲಾಮ. 1850ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯ ಓದಲು ಸೇರಿದ. ಬಿಳಿಯ ಹುಡುಗರು ಗಲಾಟೆ ಮಾಡಿದ್ದಕ್ಕೆ ಹೊರಹಾಕಿದರು. ಅವನ ಕಾದಂಬರಿ ‘ಬ್ಲೇಕ್’. ನಾಯಕ ಹೆನ್ರಿಯ ಹೆಂಡತಿಯನ್ನು ಧಣಿ ಮಾರಿಬಿಡ್ತಾನೆ. ಧಣಿಗಳ ದೇವರು ಹೇಳಿಕೊಟ್ಟ ತಾಳ್ಮೆ ಹೆನ್ರಿಗೆ ಸಾಕಾಗಿದೆ. ತೋಟದಿಂದ ತೋಟಕ್ಕೆ ಹೋಗಿ, ನಂಬಿಕಸ್ಥರನ್ನು ಹುಡುಕಿ, ದಂಗೆಯ ಯೋಜನೆ ಪಿಸುಗುಡ್ತಾನೆ. ಆ ಯೋಜನೆ ಏನೆಂದು ಡಿಲೇನಿ ನಮಗೆ ಹೇಳೋದಿಲ್ಲ. ಸ್ಟೋವ್ ಗುಲಾಮನ ಎದೆ ಬಗೆದು ತೋರಿಸ್ತಾಳೆ. ಡಿಲೇನಿ ಬಾಗಿಲು ಹಾಕಿಕೊಳ್ತಾನೆ. ಗುಟ್ಟೂ ಗುಲಾಮನ ಆಸ್ತಿಯೇ. ನಿಜ, ಕಥೆಯ ಹೆಣಿಗೆ ಸಡಿಲ, ಪಾತ್ರಗಳು ಭಾಷಣ ಮಾಡ್ತವೆ. ಆದರೂ ಇಲ್ಲಿ ಗುಲಾಮ ಸಾಯೋಕೆ ಹುಟ್ಟಿದವನಲ್ಲ.

ಇದು 1859ರಿಂದ 1862ರವರೆಗೆ ಕಪ್ಪು ಜನರ ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂತು. ಪುಸ್ತಕವಾಗಿದ್ದು 1970ರಲ್ಲಿ. ಕೊನೆಯ ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ದಂಗೆ ಎದ್ದಿತೋ ಇಲ್ಲವೋ ನಮಗೆ ಗೊತ್ತಿಲ್ಲ. ಅಳಿಸಿದ ಪುಸ್ತಕ ವರ್ಷಕ್ಕೆ 3 ಲಕ್ಷ ಹೋಯಿತು, ಎಬ್ಬಿಸುವ ಪುಸ್ತಕ ರಟ್ಟು ಕಾಣಲು 100 ವರ್ಷಕ್ಕೂ ಹೆಚ್ಚು ಕಾದಿತು. ತಕ್ಕಡಿ ಯಾರ ಕೈಲಿತ್ತು ಅಂತ ವಿಮರ್ಶಕರು ಕೇಳಲಿಲ್ಲ.

ಜ್ಯೋತಿಬಾ ಫುಲೆ 1873ರಲ್ಲೇ ತಮ್ಮ ‘ಗುಲಾಮಗಿರಿ’ಯನ್ನು ಅಮೆರಿಕಾದ ಗುಲಾಮರ ಬಿಡುಗಡೆಗೆ ದುಡಿದ ಜನಕ್ಕೆ ಅರ್ಪಿಸಿದ್ದರು. ಹಾಗಾಗಿ ಇದು ನಮಗೆ ಪರದೇಶದ ಮಾತಲ್ಲ. ಮೇಷ್ಟ್ರೇ, ಟಾಮ್‌ನ ಪಾಠ ಮಾಡಿ, ಜತೆಗೆ ಬ್ಲೇಕ್‌ನನ್ನೂ ಹೇಳಿ. ಗೆಳೆಯರೇ, ಇಂಥ ಪತ್ರಿಕೆಗಳ ಹಳೇ ಸಂಚಿಕೆಗಳನ್ನು ರದ್ದಿಗೆ ಹಾಕಬೇಡಿ. ನಮ್ಮ ಕಥೆಯ ಕೊನೆಯ ಕಂತೂ ಹಾಗೆ ಕಳೆದುಹೋಗೋದು ಬೇಡ.