ಫೋನಿನಲ್ಲಿ ಡಾಕ್ಟರು, ದಾರಿಯಲ್ಲಿ ಡೋಲಿ

ಚಾಮರಾಜನಗರ ಜಿಲ್ಲೆಗೆ ಟೆಲಿಮೆಡಿಸಿನ್ ಹೊಸದಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಇಲ್ಲಿನ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಎದೆನೋವಿಗೆ ಆಕಾಶಮಾರ್ಗ ಸಿಕ್ಕಿತು. ಕೊಳ್ಳೇಗಾಲ, ಹನೂರು, ಯಳಂದೂರಿನ ಹೆಣ್ಣುಮಗಳು ಬೇಡದ ಬಸಿರಾದರೆ ಯಾರನ್ನು ಕೇಳಬೇಕು?

ಕಾನೂನಿಲ್ಲವೆಂದಲ್ಲ. 1971ರ ಕಾಯ್ದೆಯಂತೆ ಹದಿನೆಂಟು ತುಂಬಿದವಳಿಗೆ ಗಂಡನ ಒಪ್ಪಿಗೆ ಬೇಡ, ಅವಳ ಸಹಿಯೇ ಸಾಕು. 2021ರ ತಿದ್ದುಪಡಿ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದಿತು, ಅವಳ ಹೆಸರು ಗುಟ್ಟಾಗಿರಬೇಕೆಂದಿತು. 9 ವಾರದೊಳಗಾದರೆ ಮಾತ್ರೆಯೇ ಸಾಕಾಗುತ್ತದೆ. ಮುಟ್ಟು ನಿಂತ ದಿನ ಎಣಿಸುವುದು, ಲಕ್ಷಣ ವಿಚಾರಿಸುವುದು, ಮಾತ್ರೆ ನುಂಗುವ ಕ್ರಮ ಹೇಳುವುದು ಫೋನಿನಲ್ಲೂ ಆಗುವ ಕೆಲಸ. ಇಂಗ್ಲೆಂಡಿನಲ್ಲಿ 2020ರ ಕೊರೋನಾ ಕಾಲದಲ್ಲಿ ಶುರುವಾದ ಈ ಏರ್ಪಾಡು 2022ರಲ್ಲಿ ಕಾಯಂ ಆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿತು. ನಮ್ಮಲ್ಲೂ 2020ರಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಇ-ಸಂಜೀವನಿ ಮನೆಯಿಂದಲೇ ಸಿಗುವಂತಾಯಿತು. ಗರ್ಭಪಾತದ ಕಾಯ್ದೆ ಮಾತ್ರ ‘ಸ್ಥಳ’ ಹಿಡಿದು ಕೂತಿದೆ: ಸರಕಾರಿ ಆಸ್ಪತ್ರೆ, ಇಲ್ಲವೇ ಸರಕಾರ ಒಪ್ಪಿದ ಆಸ್ಪತ್ರೆ, ಮಾತ್ರೆಗಾದರೆ ಅಂಥ ಆಸ್ಪತ್ರೆಯ ಸಂಪರ್ಕವಿರುವ ವೈದ್ಯರ ಕ್ಲಿನಿಕ್ಕು.

ಸ್ಥಳ ಗೊತ್ತುಮಾಡಿದವರು ಅಲ್ಲಿಗೆ ದಾರಿಯನ್ನೂ ಮಾಡಿಕೊಡಬೇಕಲ್ಲವೇ? ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತದ ಜನ ಮೂಲಸೌಕರ್ಯವಿಲ್ಲವೆಂದು 2024ರ ಲೋಕಸಭಾ ಚುನಾವಣೆಯನ್ನೇ ಬಹಿಷ್ಕರಿಸಿದರು. ಗಲಾಟೆಯಲ್ಲಿ ಮತಯಂತ್ರ ಪುಡಿಯಾಯಿತು. ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತಂದ ಕಾಡೂರುಗಳು ಈ ಸೀಮೆಯವು. ಡೋಲಿಯಲ್ಲಿ ಗುಟ್ಟು ಉಳಿಯುವುದೆಂತು? ನಾಲ್ವರು ಹೆಗಲು ಕೊಟ್ಟರೆ ನಾಲ್ಕು ಮನೆಗೆ ಸುದ್ದಿ. ಹೀಗಿರುವಾಗ ಯಾರೋ ಗುಟ್ಟಾಗಿ ತಂದುಕೊಟ್ಟ ಮಾತ್ರೆಯನ್ನು ವಾರ ಎಣಿಸದೆ ಒಬ್ಬಳೇ ನುಂಗಿದರೆ ತಪ್ಪು ಅವಳದೆನ್ನಲು ನಮಗೆ ಬಾಯಿ ಬಾರದು.

ಆದ್ದರಿಂದ ಫೋನನ್ನು ನಾವು ಸ್ವಾಗತಿಸುತ್ತೇವೆ. ಫೋನು ತೋರಿಸಿ ಆಸ್ಪತ್ರೆಯ ಖರ್ಚು ಉಳಿಸುವ ಜಾಣತನವನ್ನಲ್ಲ. ಸರಿಯಾಗಿ ಕೊಟ್ಟರೆ ಈ ಮಾತ್ರೆ ಹೆಚ್ಚಿನವರಿಗೆ ಸುರಕ್ಷಿತ. ಆದರೆ ಕೆಲವರಿಗೆ ರಕ್ತಸ್ರಾವ ನಿಲ್ಲದು. ಗರ್ಭ ನಾಳದಲ್ಲಿ ಕಟ್ಟಿದ್ದರೆ ಪ್ರಾಣಕ್ಕೇ ಸಂಚಕಾರ. ಆ ರಾತ್ರಿ ಬೇಕಾದದ್ದು ಜೀಪು, ರಕ್ತ, ತಾಲೂಕು ಆಸ್ಪತ್ರೆಯಲ್ಲಿ ಎಚ್ಚರವಿರುವ ವೈದ್ಯೆ.

ಇನ್ನು, ಆ ಫೋನಾದರೂ ಯಾರದು? ಮನೆಗಿರುವುದೊಂದೇ, ಅದೂ ಗಂಡನ ಜೇಬಿನಲ್ಲಿದ್ದರೆ ಡಾಕ್ಟರ ಮಾತನ್ನು ಮೊದಲು ಕೇಳುವವನು ಅವನೇ. ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಸೋಲಿಗರ ವಿಶ್ವಾಸ ಗಳಿಸಿದ್ದು ಪೋಡುಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ. ಇಂದು ಆ ನಡಿಗೆ ಆಶಾ ಕಾರ್ಯಕರ್ತೆಯದು. ಅವಳ ಜೊತೆ ಬಂದ ಹೆಂಗಸು ಬಾಗಿಲು ಹಾಕಿಕೊಂಡು ಡಾಕ್ಟರೊಡನೆ ಮಾತಾಡಲು ಉಪಕೇಂದ್ರದಲ್ಲಿ ಒಂದು ಕೋಣೆ, ಒಂದು ಫೋನು ಇಡುವುದಕ್ಕೆ ಉಪಗ್ರಹವೇನೂ ಬೇಕಿಲ್ಲ.